ಕಂಚಿನ ಕಿರುಬೆರಳು

ಹಗ್ಗ ಬಿಗಿದು ಎಳೆದ ರಭಸಕ್ಕೆ ಸರ್ವಾಧಿಕಾರಿಯ ಆಳೆತ್ತರದ ಕಂಚಿನ ಪ್ರತಿಮೆ ಚೌಕದ ಕಲ್ಲುಹಾಸಿನ ಮೇಲೆ ದಡಾರನೆ ಬಿತ್ತು. "ಮೊದಲ ಏಟು ಅಕ್ಕಂದು, ದಾರಿ ಬಿಡ್ರೋ!" ಎಂದು ಯಾರೋ ಗುಂಪಿನಲ್ಲಿದ್ದ ಹೆಂಗಸೊಬ್ಬಳ ಕೈಗೆ ಸುತ್ತಿಗೆ ಕೊಟ್ಟರು. ಹೋದ ವಾರ ಸರ್ವಾಧಿಕಾರಿಯ ಸೈನಿಕರು ಇದೇ ಚೌಕದಲ್ಲಿ ಅವಳ ಗಂಡನನ್ನು ಗುಂಡಿಕ್ಕಿ ಕೊಂದಿದ್ದರು.

ಅವಳು ಹಲ್ಲು ಕಚ್ಚಿ ಬೀಸಿದಳು. ಮೂಗು ಹಾರಿತು, ಕಿವಿ ಹಾರಿತು, ದವಡೆ ಒಡೆದು ಬಾಯಿಬಿಟ್ಟಿತು. ಹೊಟ್ಟೆಯ ಉರಿ ಮಾತ್ರ ಆರಲಿಲ್ಲ. ಜನರ ಮೇಲೆ ಸದಾ ಚಾಚಿಕೊಂಡಿದ್ದ ಆ ಬಲಗೈಯನ್ನು ಪುಡಿಮಾಡಲೆಂದು ಸುತ್ತಿಗೆ ಎತ್ತಿದವಳು ಹಾಗೇ ನಿಂತುಬಿಟ್ಟಳು. ಕಿರುಬೆರಳು ಸೊಟ್ಟಗಿತ್ತು.

ಗಂಡ ಪ್ರತಿಮೆಗಳ ಎರಕದ ಕೆಲಸದವನು. "ದೊಡ್ಡ ಮನುಷ್ಯರು ಕೈ ಅಚ್ಚಿಗೆಲ್ಲ ಬರ್ತಾರೇನೇ? ನಮ್ಮಲ್ಲೇ ಯಾರದಾದ್ರೂ ಕೈ ಅಚ್ಚು ತೆಗೆದು ಪ್ರತಿಮೆಗೆ ಹಾಕಿಬಿಡ್ತೀವಿ," ಎಂದು ನಗುತ್ತಿದ್ದ. ಬಾಗಿಲ ಸಂದಿಗೆ ಸಿಕ್ಕಿ ಸೊಟ್ಟಗಾಗಿದ್ದ ಅವನ ಕಿರುಬೆರಳನ್ನು ಹಿಡಿದೇ ಅವಳು ಎಷ್ಟೋ ಸಂಜೆ ಬೀದಿ ದಾಟಿದ್ದಳು.

"ಸುಸ್ತಾಯ್ತಾ ಅಕ್ಕ? ಸರೀರಿ, ಕೈ ನಾನು ಮುರೀತೀನಿ," ಎಂದು ಒಬ್ಬ ಹಾರೆ ಹಿಡಿದು ಬಾಗಿದ. ಅವಳ ಸುತ್ತಿಗೆ ಅವನ ಮೊಣಕೈಗೆ ಬಿತ್ತು. ಮೂಳೆ ಲಟಕ್ಕೆಂದಿತು, ಅವನ ಕಿರುಚಾಟಕ್ಕೆ ಜನ ಹಿಂದೆ ಸರಿದರು. ಅವಳು ಎಡಗೈಯಲ್ಲಿ ಆ ಕಂಚಿನ ಬೆರಳನ್ನು ಬಿಗಿಯಾಗಿ ಹಿಡಿದು, ಬಲಗೈಯಲ್ಲಿ ಸುತ್ತಿಗೆಯನ್ನು ಮತ್ತೆ ಎತ್ತಿದಳು.

"ಮುಖ ಏನು ಬೇಕಾದ್ರೂ ಮಾಡ್ಕೊಳ್ಳಿ. ಈ ಕೈ ನನ್ನ ಗಂಡಂದು."