ಟೈಲರಮ್ಮನ ಎಡಗಣ್ಣು

“ಕಣ್ಣು ಹೊಡೀತಿದ್ದಾಳೆ! ಈಗ ತಾನೇ ನೋಡ್ದೆ!”

ಕಾರ್ಯದರ್ಶಿ ಎಲೆಗಳನ್ನು ಮೇಜಿಗೆ ಬಡಿದು ಎದ್ದು ನಿಂತರು. ಬಡಾವಣೆಯ ಸಂಘದ ಇಸ್ಪೀಟು ಪಂದ್ಯ, ಕೊನೆಯ ಸುತ್ತು. ಸುತ್ತ ನಲವತ್ತು ಜನ. ಅವರ ಬೆರಳು ತಮ್ಮ ಎಡಕ್ಕೆ ಕೂತಿದ್ದ ಟೈಲರಮ್ಮನ ಮುಖಕ್ಕೆ ನೆಟ್ಟಿತ್ತು.

ಟೈಲರಮ್ಮನಿಗೆ ಜೋಡಿ ಅವಳ ನಾದಿನಿ, ಎದುರು ಕುರ್ಚಿಯಲ್ಲಿ. ಮೂರು ವರ್ಷದಿಂದ ಪಂದ್ಯದ ಕಪ್ಪು ಈ ಅತ್ತಿಗೆ-ನಾದಿನಿಯರ ಮನೆ ಬಿಟ್ಟು ಕದಲಿರಲಿಲ್ಲ. ಹೆಂಗಸರ ತಲೆಗೆ ತುರುಫಿನ ಲೆಕ್ಕ ಹತ್ತುವುದಿಲ್ಲ ಎಂದು ಹೇಳಿಕೊಂಡು ಬಂದಿದ್ದ ಕಾರ್ಯದರ್ಶಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ತೂಕ-ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಕಳ್ಳ ತಕ್ಕಡಿಯನ್ನು ರಸ್ತೆಯ ಆಚೆ ಬದಿಯಿಂದಲೇ ಹಿಡಿಯುತ್ತಿದ್ದೆ ಅನ್ನುವವರು.

“ನಾನು ಯಾರಿಗೂ ಕಣ್ಣು ಹೊಡೆದಿಲ್ಲ,” ಅಂದಳು ಟೈಲರಮ್ಮ.

“ಎಡಗಣ್ಣು ಚಿಕ್ಕದಾಯ್ತು. ಇವತ್ತು ಮೂರು ಸಲ. ನಾದಿನಿಗೆ ಸನ್ನೆ! ಏಳ್ರೀ ಇಬ್ಬರೂ!”

ಇಬ್ಬರೂ ಎದ್ದರು.

ವಾರದೊಳಗೆ ಜನ ಇಸ್ಪೀಟನ್ನು ಮರೆತರು. ಕಣ್ಣು ಹೊಡೆದದ್ದು ಮಾತ್ರ ಬಾಯಿಂದ ಬಾಯಿಗೆ ಹರಡಿತು. ಪ್ಯಾಂಟಿನ ಅಳತೆ ಕೊಡಲು ಬರುವ ಗಂಡಸರು ಹೆಂಡತಿಯನ್ನೂ ಕರೆತರತೊಡಗಿದರು. ಕೆಲವರು ಬೇಕೆಂದೇ ಒಬ್ಬರೇ ಬಂದು ಹಲ್ಲು ಕಿರಿದರು. ಅವರ ಸೊಂಟಕ್ಕೆ ಟೇಪು ಸುತ್ತುವಾಗ, ಬಿಗಿದು ಎಳೆದುಬಿಡಬೇಕು ಅನ್ನಿಸುತ್ತಿತ್ತು ಅವಳಿಗೆ. ಮೂರು ದಿನ ಮಾತು ಬಿಟ್ಟಿದ್ದ ಗಂಡ ನಾಲ್ಕನೆಯ ದಿನ ಊಟಕ್ಕೆ ಕೂತು ತಟ್ಟೆ ನೋಡುತ್ತಲೇ ಕೇಳಿದ:

“ಯಾರಿಗೇ ಹೊಡೆದಿದ್ದು?”

ಅವಳು ಬಡಿಸುತ್ತಿದ್ದ ಸೌಟು ಅರೆಗಳಿಗೆ ನಿಂತಿತು. ಕಾರ್ಯದರ್ಶಿಗೆ ನಲವತ್ತು ಜನರ ಮುಂದೆಯೇ ಮಣ್ಣು ಮುಕ್ಕಿಸಬೇಕು ಎಂದು ಅವಳು ಹಟ ತೊಟ್ಟದ್ದು ಆಗಲೇ.

ಮರುದಿನ ಕಣ್ಣಿನ ಡಾಕ್ಟರ ಬಳಿ ಹೋದಳು.

“ತಲೆ ಅಲ್ಲಾಡಿಸ್ಬೇಡಿ. ಪೆನ್ನು ಮಾತ್ರ ನೋಡಿ,” ಅಂದರು ಡಾಕ್ಟರು. ಪೆನ್ನು ಎಡಕ್ಕೆ ಹೋಯಿತು. ಎಡಗಣ್ಣು ನಡುವಲ್ಲೇ ನಿಂತುಬಿಟ್ಟಿತು. ಪೆನ್ನು ಬಲಕ್ಕೆ ಹೋಯಿತು. ಎಡಗಣ್ಣಿನ ಗುಡ್ಡೆ ಯಾರೋ ಹಿಂದಿನಿಂದ ದಾರ ಎಳೆದಂತೆ ಒಳಕ್ಕೆ ಸರಿದು, ರೆಪ್ಪೆಗಳು ಅರ್ಧಕ್ಕರ್ಧ ಕೂಡಿಕೊಂಡವು. ಡಾಕ್ಟರು ಮತ್ತೆರಡು ಸಲ ಪೆನ್ನು ಆಡಿಸಿದರು.

“ಇದು ಹುಟ್ಟಿನಿಂದಲೇ ಬಂದದ್ದಮ್ಮ. ಕಣ್ಣನ್ನ ಹೊರಗೆ ಎಳೆಯೋ ಸ್ನಾಯುಗೆ ಬೇರೆ ನರ ಸೇರಿಕೊಂಡಿದೆ. ಬಲಕ್ಕೆ ನೋಡಿದ್ರೆ ಎರಡು ಸ್ನಾಯು ಒಟ್ಟಿಗೇ ಜಗ್ಗುತ್ತವೆ, ಗುಡ್ಡೆ ಹಿಂದಕ್ಕೆ ಹೋಗುತ್ತೆ. ನಿಮಗೆ ಗೊತ್ತೇ ಇರ್ಲಿಲ್ವಾ?”

“ಕನ್ನಡೀಲಿ ನೇರ ತಾನೇ ನೋಡ್ಕೊಳ್ಳೋದು, ಡಾಕ್ಟ್ರೇ. ಬೇಡ ಅಂದ್ರೂ ನನಗೆ ತಡೆಯೋಕಾಗಲ್ವಾ?”

“ಸಾಧ್ಯವೇ ಇಲ್ಲ. ನಿಮ್ಮ ಕೈಲಿಲ್ಲ ಅದು.”

“ಅಷ್ಟನ್ನೇ ಬರೆದುಕೊಡಿ.”

ಮುಂದಿನ ಭಾನುವಾರ ಮಧ್ಯಾಹ್ನ ಸಂಘದ ಸರ್ವಸದಸ್ಯರ ಸಭೆ. ಅಧ್ಯಕ್ಷರು ಪತ್ರವನ್ನು ಗಟ್ಟಿಯಾಗಿ ಓದಿದರು. ಟೈಲರಮ್ಮ ನೇರ ಕಾರ್ಯದರ್ಶಿಯ ಮುಂದೆ ಹೋಗಿ ನಿಂತಳು.

“ಪೆನ್ನು ನೀವೇ ಹಿಡೀರಿ ಸಾರ್.”

ಕಾರ್ಯದರ್ಶಿಯ ಕೈಯಲ್ಲಿದ್ದ ಪೆನ್ನು ಅವಳ ಬಲಕ್ಕೆ ಸರಿಯಿತು. ನಲವತ್ತು ಜನರ ಎದುರಿಗೆ ಎಡಗಣ್ಣು ಒಳಗೆ ಹೋಯಿತು. ಮುಂದಿನ ಸಾಲಿನ ಮುದುಕಿಯೊಬ್ಬಳು “ಅಯ್ಯೋ ಪಾಪ” ಅಂದಳು.

“ಅವತ್ತು ನಿಮ್ಮನ್ನ ನನ್ನ ಬಲಕ್ಕೆ ಕೂರಿಸಿದ್ರು. ನನ್ನ ನಾದಿನಿ ಎದುರಿಗೆ. ನೇರ ನೋಡಿದ್ರೆ ಈ ಕಣ್ಣು ಕುಗ್ಗಲ್ಲ. ಕುಗ್ಗಿದ್ದು ನಿಮ್ಮ ಕಡೆ ನೋಡ್ದಾಗ. ಸನ್ನೆ ಅಂದ್ರಲ್ಲ, ನಿಮಗಾ?”

ಸಭೆ ಗೊಳ್ಳೆಂದಿತು. ಕಾರ್ಯದರ್ಶಿಯ ಹೆಂಡತಿ ಚಪ್ಪಲಿ ಮೆಟ್ಟಿ ಹೊರಟೇಹೋದಳು.

“ನಾನು ನೋಡಿದ್ದು ಸುಳ್ಳಲ್ಲ,” ಅಂದರು ಕಾರ್ಯದರ್ಶಿ. ದನಿ ಅಷ್ಟರಲ್ಲಿ ಉಡುಗಿಹೋಗಿತ್ತು.

“ಖಂಡಿತ ಸುಳ್ಳಲ್ಲ, ಸಾರ್. ಈಗ ಬರೀರಿ.”

ಕ್ಷಮಾಪಣೆಯನ್ನು ಅವಳೇ ಹೇಳಿ ಬರೆಸಿದಳು, ಗಿರಾಕಿಯ ಅಳತೆ ಬರೆಸುವಷ್ಟೇ ನಿಧಾನವಾಗಿ. ‘ಒಬ್ಬ ಹೆಂಗಸಿನ ಹುಟ್ಟು ನ್ಯೂನತೆಯನ್ನು ಮೋಸವೆಂದು ಕರೆದು ಮಾನ ಕಳೆದ ನಾನು...’ ಆ ‘ನಾನು’ ಆದಮೇಲೆ ಪೂರ್ತಿ ಹೆಸರು, ಹಳೆಯ ಹುದ್ದೆ ಸಮೇತ. ಕೆಳಗೆ ರಾಜೀನಾಮೆ. ಹಾಳೆ ನೋಟೀಸ್ ಬೋರ್ಡಿಗೆ ಏರಿತು. ಪಂದ್ಯದ ಕಪ್ಪು ಮತ್ತೆ ಅತ್ತಿಗೆ-ನಾದಿನಿಯರ ಕೈಗೆ ಬಂತು. ಕೋಲೂರಿಕೊಂಡು ಮೆಟ್ಟಿಲಿಳಿಯುತ್ತಿದ್ದ ಮುದುಕ ಕಾರ್ಯದರ್ಶಿಗೆ ಯಾರೂ ಕೈ ಕೊಡಲಿಲ್ಲ. ಅವರು ಕೊನೆಯ ಮೆಟ್ಟಿಲು ಇಳಿಯುವ ತನಕ ಟೈಲರಮ್ಮ ನಿಂತು ನೋಡಿದಳು. ಹೊಟ್ಟೆ ತಣ್ಣಗಾಯಿತು.

ಮನೆಯಲ್ಲಿ ಗಂಡ ತಾನೇ ಚಹಾ ಮಾಡಿಕೊಟ್ಟು, ಮುಖ ಎತ್ತಲಾರದೆ ಹೊರಗೆ ಹೋದ. ನಾದಿನಿ ಬಾಗಿಲು ಹಾಕಿ ಬಂದಳು.

“ಅತ್ತಿಗೆ, ಒಂಚೂರೂ ಪಾಪ ಅನ್ಸಲ್ವಾ?”

“ನಿನ್ನಣ್ಣ ನನ್ನನ್ನ ಆ ಪ್ರಶ್ನೆ ಕೇಳೋ ಹಾಗೆ ಮಾಡಿದೋರ ಮೇಲಾ? ಇಲ್ಲ.”

“ಅಲ್ಲ, ಡಾಕ್ಟ್ರು ಅಷ್ಟು ಬರೆದುಕೊಟ್ಟಿದ್ದಾರೆ. ನಾಳೆ ಅವರಿಗೇನಾದ್ರೂ ಗೊತ್ತಾದ್ರೆ?”

“ಗೊತ್ತಾಗೋದಕ್ಕೆ ಏನಿದೆ? ಅವರು ಬರೆದಿದ್ದು ಅಕ್ಷರಕ್ಕಕ್ಷರ ನಿಜ. ಕಣ್ಣು ಕುಗ್ಗೋದು ನನ್ನ ಕೈಲಿಲ್ಲ,” ಅಂದಳು ಟೈಲರಮ್ಮ, ಚಹಾ ಊದಿಕೊಳ್ಳುತ್ತಾ. “ಆದ್ರೆ ನೀನೇ ಹೇಳು, ಕೈಗೆ ದೊಡ್ಡ ತುರುಫು ಬರದೆ ನಾನು ಯಾವತ್ತಾದ್ರೂ ಬಲಕ್ಕೆ ಕಣ್ಣು ಹೊರಳಿಸಿದ್ದೀನೇನೇ?”