ಹಗೇವಿಗಿಳಿದ ಕಂದೀಲು

ಈಗಲೂ ಆರಿದ ಬತ್ತಿಯ ಕಮಟು ಮೂಗಿಗೆ ಬಡಿದರೆ ನನಗೆ ಚಿಕ್ಕಪ್ಪನ ಬೂಟು ನೆನಪಾಗುತ್ತದೆ.

ಮದರಾಸಿನಲ್ಲಿ ಓದಿ ಕಂಪ್ಲಿಗೆ ಬಂದಿದ್ದ ಆ ಮಹಾಶಯ ಬೂಟು ಹಾಕಿಕೊಂಡೇ ನಡುಮನೆಯಲ್ಲಿ ಓಡಾಡುತ್ತಿದ್ದ. ಅಜ್ಜಿಯ ಮಡಿ ಕಂಡರೆ ಅವನಿಗೆ ನಗು. ಒಂದು ದಿನ ಬೆಳಗ್ಗೆ ಉರಿಯುವ ಹಣತೆಯ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಅದು ಆರಿದ ಕೂಡಲೇ ನಮಗೆಲ್ಲ ಪಾಠ ಹೇಳಿದ್ದ: "ನೋಡ್ರಿ, ಒಳಗಿನ ಆಕ್ಸಿಜನ್ ತೀರಿತು. ಅದಿಲ್ಲಂದ್ರ ಬೆಂಕಿನೂ ಉರಿಯಂಗಿಲ್ಲ, ಮನುಷ್ಯಾನೂ ಬದುಕಂಗಿಲ್ಲ."

ಅಂದೇ ಮಧ್ಯಾಹ್ನ ಅಂಗಳದ ಹಗೇವಿನ ಬಾಯಿ ತೆಗೆದರು. ನೆಲದೊಳಗಿನ ಆ ಕಣಜದಿಂದ ಮುಗ್ಗಿದ ಜೋಳದ ಬಿಸಿ ವಾಸನೆ ಎದ್ದಿತು. ಜೋಳ ತೆಗೆಯಲು ಬಂದಿದ್ದ ಆಳು ದುರುಗಪ್ಪ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಇಳಿಬಿಟ್ಟ. ಆಳುದ್ದ ಇಳಿಯುವುದರೊಳಗೆ ಅದು ಆರಿತು. ಮೇಲೆಳೆದು ಹಚ್ಚಿ ಮತ್ತೆ ಬಿಟ್ಟ, ಮತ್ತೆ ಆರಿತು.

"ಇವತ್ತು ಬ್ಯಾಡ್ರಿ ಸ್ವಾಮೇರ. ಒಳಗ ಕೆಟ್ಟ ಗಾಳಿ ಐತಿ. ನಾಳೀತನ ಬಾಯಿ ತೆರೆದಿಡ್ರಿ."

"ಥೂ, ಮೂಢ! ಎಣ್ಣಿ ತೀರಿರಬೇಕು. ಇಳೀಲೇ ಜಲ್ದಿ," ಎಂದ ನಮ್ಮ ಪಂಡಿತ.

ದುರುಗಪ್ಪ ಕಂದೀಲನ್ನು ಕಿವಿಯ ಹತ್ತಿರ ಅಲುಗಾಡಿಸಿದ. ಒಳಗೆ ಎಣ್ಣೆ ಕುಲುಕಿದ್ದು ನಮಗೂ ಕೇಳಿಸಿತು. ಆಮೇಲೆ ಹಗ್ಗದ ತುದಿಯನ್ನು ಚಿಕ್ಕಪ್ಪನ ಮುಂದೆ ಹಿಡಿದ.

"ಹಂಗಾದ್ರ ನೀವು ಭಾಳ ಓದಿದೋರು, ಮೊದ್ಲು ನೀವ ಇಳೀರಿ."

ಅಜ್ಜಿಯೂ ಮಕ್ಕಳಾದ ನಾವೂ ಚಿಕ್ಕಪ್ಪನ ಮುಖವನ್ನೇ ನೋಡಿದೆವು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಮುಟ್ಟಬ್ಯಾಡ, ನಾ ಮಡೀಲಿದ್ದೀನಿ," ಎಂದ, ಬೂಟುಗಾಲಿನಲ್ಲೇ ನಿಂತು.