ಒಂದೇ ಥರದ ಎರಡು ಬಾಟಲಿ

ಎಳೆಬಿಸಿಲಿಗೆಂದು ಮಗುವನ್ನು ಮಹಡಿಗೆ ಕರೆದುಕೊಂಡು ಹೋಗಿದ್ದ ಮಗಳು, ಇಳಿದು ಬಂದು ಬಾಗಿಲು ತಳ್ಳಿದವಳೇ ಹೊಸ್ತಿಲಲ್ಲಿ ನಿಂತುಬಿಟ್ಟಳು. ಒಳಗಿಂದ ಬ್ಲೀಚಿನ ಘಾಟು ಮುಖಕ್ಕೆ ಹೊಡೆಯಿತು. ಅಮ್ಮ ಮಂಡಿಯೂರಿ ಕೂತು, ತೊಟ್ಟಿಲಿನ ಕೆಳಗೆ ಕೈ ಚಾಚಿ, ನಿಧಾನವಾಗಿ ನೆಲ ಒರೆಸುತ್ತಿದ್ದಳು.

"ಅಮ್ಮಾ, ನೀರಿಗೆ ಏನು ಹಾಕ್ದೆ?"

"ನೀನೇ ಹೇಳಿದ್ಯಲ್ಲ, ವಿನೆಗರ್. ನೆಲ ಒರೆಸೋಕೋ, ನೆಲಕ್ಕೆ ಊಟ ಬಡಿಸೋಕೋ ಅಂತ ನಂಗಿನ್ನೂ ಅರ್ಥ ಆಗಿಲ್ಲ. ಈಗಲೇ ಕಾಲಿಡ್ಬೇಡ, ಜಾರುತ್ತೆ."

"ಮೊದಲು ಎದ್ದು ಕಿಟಕಿ ತೆಗಿ. ಎಲ್ಲಾ ಕಿಟಕಿ ತೆಗಿ!"

ಮಗಳು ಮಗುವನ್ನು ಅವುಚಿಕೊಂಡು ಮೆಟ್ಟಿಲಿನತ್ತ ಹಿಂದೆ ಸರಿದಳು. ಅಮ್ಮ ಕಿಟಕಿಗಳನ್ನು ತೆರೆದು, ಫ್ಯಾನು ಹಾಕಿ, ತಾನು ಸುರಿದ ಬಾಟಲಿಯನ್ನು ಹಿಡಿದುಕೊಂಡು ಬಾಗಿಲಿಗೆ ಬಂದಳು. ಸಿಂಕಿನ ಕೆಳಗೆ ಇಂಥವೇ ಎರಡು ಹಳೆಯ ನೀರಿನ ಬಾಟಲಿಗಳಿದ್ದವು. ಮಗು ಅಂಬೆಗಾಲಿಟ್ಟು, ಸಿಕ್ಕಿದ ಕಡೆಯೆಲ್ಲ ನೆಲ ನೆಕ್ಕತೊಡಗಿದ ವಾರವೇ ಮಗಳು ಮನೆಯಲ್ಲಿದ್ದ ಫಿನೈಲು, ಆಸಿಡ್ಡುಗಳನ್ನೆಲ್ಲ ಆಚೆ ಹಾಕಿದ್ದಳು. ಈಗ ನೆಲಕ್ಕೆ ವಿನೆಗರ್, ಸಿಂಕಿಗೆ ಅಡುಗೆ ಸೋಡಾ, ನಲ್ಲಿಯ ಕಲೆಗೆ ನಿಂಬೆಹೋಳು. ಒಂದು ಬಾಟಲಿಯಲ್ಲಿ ಆ ವಿನೆಗರ್. ಇನ್ನೊಂದರಲ್ಲಿ, ಅವಳ ಗಂಡ ಬಾತ್‌ರೂಮಿನ ಪಾಚಿಗೆ ಬೇಕಾದೀತೆಂದು ಉಳಿಸಿಕೊಂಡಿದ್ದ ಬ್ಲೀಚು. ಎರಡಕ್ಕೂ ಬಣ್ಣವಿಲ್ಲ, ಚೀಟಿಯಿಲ್ಲ. ಮುಚ್ಚಳ ತೆಗೆದರಷ್ಟೇ ಅವು ಬೇರೆ ಬೇರೆ.

"ಬೇಕೂಂತಲೇ ಹಾಕಿದ್ದೀಯ," ಎಂದಳು ಮಗಳು. "ನನ್ನ ವಿನೆಗರ್ ಕಂಡ್ರೆ ನಿಂಗೆ ಮೊದಲಿಂದಲೂ ನಗು. ಮೂವತ್ತು ವರ್ಷ ಆಸ್ಪತ್ರೆ ತೊಳೆದವಳಿಗೆ ಇವಳೇನು ಹೇಳಿಕೊಡೋದು ಅಂತ ತಾನೇ?"

ಅಮ್ಮ ಬಾಟಲಿಯ ಮುಚ್ಚಳವನ್ನು ಬೆರಳುಗಳ ನಡುವೆ ತಿರುಗಿಸುತ್ತ ನಿಂತಳು. ಅವಳಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಮುಚ್ಚಳ ತೆಗೆದಾಗಲೂ ಇಲ್ಲ, ಬಕೆಟ್ಟಿಗೆ ಸುರಿದಾಗಲೂ ಇಲ್ಲ. ಕಣ್ಣು ಸ್ವಲ್ಪ ಉರಿದಿತ್ತು, ಅಷ್ಟೆ. ಕಿಟಕಿಯಿಲ್ಲದ ಕಕ್ಕಸುಗಳಲ್ಲಿ ಆಸಿಡ್ ಸುರಿದು ತಿಕ್ಕಿದ ಆ ವರ್ಷಗಳಲ್ಲಿ ಯಾವಾಗಲೋ ವಾಸನೆ ಅವಳನ್ನು ಬಿಟ್ಟು ಹೋಗಿತ್ತು. ಯಾವ ದಿನ ಎಂದು ಅವಳಿಗೂ ತಿಳಿಯದು. ಹೋದದ್ದು ಗೊತ್ತಾಗುವ ಹೊತ್ತಿಗೆ ಹೋಗಿ ಬಹಳ ಕಾಲವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಇವತ್ತಿಗೆ ಮಗಳ ರಜೆ ಮುಗಿಯುತ್ತದೆ, ನಾಳೆಯಿಂದ ಕೆಲಸ. ಬೆಳಗ್ಗೆಯಿಂದ ಸಂಜೆಯವರೆಗೆ ಮಗುವನ್ನು ನೋಡಿಕೊಳ್ಳಲೆಂದೇ ತಾನು ಬಂದದ್ದು. ವಾಸನೆ ತಿಳಿಯದವಳ ಕೈಯಲ್ಲಿ ಯಾರು ಮಗು ಬಿಟ್ಟು ಹೋಗುತ್ತಾರೆ?

"ಹೂಂ ಕಣೇ, ಬೇಕೂಂತಲೇ ಹಾಕ್ದೆ," ಎಂದಳು. "ಘಾಟು ಇಲ್ದಿದ್ರೆ ನಂಗೆ ಕ್ಲೀನ್ ಆಯ್ತು ಅಂತ ಅನ್ಸಲ್ಲ. ಹಳೇ ಚಾಳಿ."

ಅಮ್ಮ ಬಕೆಟ್ಟು ಚೆಲ್ಲಿ, ಒರೆಸುವ ಬಟ್ಟೆ ಬದಲಿಸಿ, ಬರೀ ನೀರಿನಲ್ಲಿ ಮೂರು ಸಲ ನೆಲ ಒರೆಸಿದಳು. ಅಷ್ಟೂ ಹೊತ್ತು ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಮಗು ಅವಳ ಕುತ್ತಿಗೆಯ ಸರ ಜಗಿಯುತ್ತಿತ್ತು. ನೆಲ ಒಣಗಿ, ಘಾಟು ಪೂರ್ತಿ ಹೋದ ಮೇಲೆ ಅವಳ ಸಿಟ್ಟೂ ಇಳಿದಿತ್ತು. ಒಳಗೆ ಬಂದು ಮಗುವನ್ನು ಚಾಪೆಯ ಮೇಲೆ ಕೂರಿಸಿದಳು.

"ಹೋಗ್ಲಿ ಬಿಡು. ನೀನು ಹಟಮಾರಿ ಅಂತ ಗೊತ್ತಿದ್ದೇ ಕರೆಸ್ಕೊಂಡಿದ್ದು. ಇನ್ಮೇಲೆ ಹಾಕ್ಬೇಡ, ಸಾಕು. ನಾಳೆ ಎಂಟಕ್ಕೆ ಹೊರಡ್ತೀನಿ. ಹಾಲಿನ ಪುಡಿ ಬೆರೆಸೋಕೆ ನೀರು ಕಾಯಿಸ್ಕೋ. ಆ ಎಡಗಡೆ ಒಲೆ ಒಂದೊಂದ್ಸಲ ತಾನಾಗೇ ಆರಿಹೋಗುತ್ತೆ. ಗ್ಯಾಸ್ ವಾಸನೆ ಬಂದ ತಕ್ಷಣ..."

"ಬರಲ್ಲ," ಎಂದಳು ಅಮ್ಮ.

"ಏನು ಬರಲ್ಲ?"

"ವಾಸನೆ. ಗ್ಯಾಸ್‌ದೂ ಬರಲ್ಲ, ಯಾವುದೂ ಬರಲ್ಲ. ಆರೇಳು ವರ್ಷ ಆಯ್ತು. ಆ ಬ್ಲೀಚು ನಾನು ಬೇಕೂಂತ ಹಾಕಿದ್ದಲ್ಲ ಕಣೇ, ಗೊತ್ತಾಗ್ಲಿಲ್ಲ."

ಮಗಳು ಅಮ್ಮನ ಮುಖವನ್ನೇ ನೋಡಿದಳು. ಚಿಕ್ಕಂದಿನಲ್ಲಿ, ಕೆಲಸ ಮುಗಿಸಿ ಬಂದ ಅಮ್ಮ ತಬ್ಬಿಕೊಳ್ಳಲು ಬಂದರೆ, ಫಿನೈಲು ನಾರುತ್ತೀಯ ಎಂದು ಅವಳು ಮೂಗು ಮುಚ್ಚಿಕೊಂಡು ಓಡುತ್ತಿದ್ದಳು. ಅದು ನೆನಪಾಯಿತೋ ಏನೋ, ಎದ್ದು ಅಡುಗೆಮನೆಗೆ ಹೋದಳು. ಅಮ್ಮ ಕೂತಲ್ಲೇ ಕಿವಿಗೊಟ್ಟಳು. ತನ್ನ ಬಟ್ಟೆಯ ಚೀಲ ಯಾವ ಮೂಲೆಯಲ್ಲಿದೆ ಎಂದು ಅವಳ ಕಣ್ಣು ಆಗಲೇ ಹುಡುಕುತ್ತಿತ್ತು. ಒಳಗೆ ಸಿಲಿಂಡರಿನ ರೆಗ್ಯುಲೇಟರು ಕಟ್ ಎಂದು ತಿರುಗಿದ ಸದ್ದಾಯಿತು.

"ನಾಳೆಯಿಂದ ಗ್ಯಾಸ್ ಹೀಗೇ ಬಂದ್ ಮಾಡಿ ಹೋಗ್ತೀನಿ," ಮಗಳು ಬಂದು ಹೇಳಿದಳು. "ಒಲೆ ಹತ್ರಾನೇ ಹೋಗ್ಬೇಡ. ಬಿಸಿನೀರು ಫ್ಲಾಸ್ಕಲ್ಲಿರುತ್ತೆ. ಬಾಟಲಿಗೆಲ್ಲ ಚೀಟಿ ಅಂಟಿಸ್ತೀನಿ, ಅದು ನನ್ನದೇ ತಪ್ಪು. ಸರಿ, ಡೈಪರ್ ಬದಲಿಸ್ಬೇಕು ಅಂತ ಹೆಂಗೆ ಗೊತ್ತಾಗುತ್ತೆ ನಿಂಗೆ?"

"ಗಂಟೆಗೊಂದ್ಸಲ ಬಿಚ್ಚಿ ನೋಡ್ತೀನಿ. ನಿನ್ನ ಗಂಡಂಗೆ ಅಷ್ಟುದ್ದ ಮೂಗಿದೆಯಲ್ಲ, ಅವರಿಗೆ ಯಾವತ್ತಾದ್ರೂ ಗೊತ್ತಾಗಿದ್ಯಾ?"

ನಗಲು ಹೋದ ಮಗಳು ಅರ್ಧಕ್ಕೇ ನಿಲ್ಲಿಸಿದಳು.

"ಮತ್ತೆ, ನೀನು ಬಂದಾಗಿಂದ ದಿನಾ ಇವಳ ತಲೆ ಮೂಸಿ ಕಣ್ಮುಚ್ಚಿ ಕೂರ್ತೀಯಲ್ಲಮ್ಮಾ, ಅದೆಲ್ಲ ನಾಟಕಾನಾ?"

ಅಮ್ಮ ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು.

"ನಾಟಕ ಅಲ್ಲ ಕಣೇ. ಅಲ್ಲಿ ಮಾತ್ರ ವಾಸನೆ ಬರುತ್ತೆ. ಆದ್ರೆ ಅದು ಇವಳದ್ದಲ್ಲ, ನಿಂದು. ನೀನು ಇಷ್ಟಿದ್ದಾಗಿನದು."